ಚೆಕಿಂಗ್ ಅಕ್ಕನ ಪಾಲಕರ ಸಭೆ

ಸಿದ್ಧ ಉಡುಪಿನ ಕಾರ್ಖಾನೆಯ ಕೊನೆಯ ಮೇಜಿನಲ್ಲಿ ಅಂಗಿಗಳನ್ನು ಪರೀಕ್ಷಿಸುವ ಆಕೆಯನ್ನು ಎಲ್ಲರೂ ಚೆಕಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಸಡಿಲ ಹೊಲಿಗೆಯೂ ಆಕೆಯ ಕಣ್ಣು ತಪ್ಪಿಸಿರಲಿಲ್ಲ. ತಪ್ಪಿಸಿದ್ದು ಮನೆಯಲ್ಲಿ. ಒಂಬತ್ತನೆಯ ತರಗತಿಯ ಮಗ ಪಂಕ್ಚರ್ ಅಂಟನ್ನು ಕರವಸ್ತ್ರಕ್ಕೆ ಸುರಿದು ಮೂಸುತ್ತಿದ್ದಾನೆಂದು ತಿಳಿಯುವ ಹೊತ್ತಿಗೆ ಐದು ತಿಂಗಳು ಕಳೆದಿದ್ದವು. ಅವನನ್ನು ದಾರಿಗೆ ತರುವಷ್ಟರಲ್ಲಿ ಸಾಕುಬೇಕಾಯಿತು, ಆದರೆ ತಂದಳು. ಈಗ ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ.

ಮಕ್ಕಳನ್ನು ಅಮಲಿನಿಂದ ದೂರವಿಡಲೆಂದು ಸರ್ಕಾರದ ಅನುದಾನದಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಆರಂಭವಾದಾಗ, ಮಗನ ಓದು ಮುಗಿದಿದ್ದರೂ ಆ ಅನುಭವ ಇದ್ದದ್ದಕ್ಕೆ, ಆಕೆಯೇ ಅಧ್ಯಕ್ಷೆಯಾದಳು. ವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯೊಬ್ಬರು ಬಂದು, ಮಗುವಿನ ಕಣ್ಣು, ಚೀಲ, ಸಹವಾಸಗಳನ್ನು ಗಮನಿಸುವ ಬಗೆಯನ್ನೂ ಕೂಗಾಡದೆ ಪ್ರಶ್ನಿಸುವ ಬಗೆಯನ್ನೂ ಕಲಿಸುತ್ತಿದ್ದರು. ನಲವತ್ತು ಪಾಲಕರು ಸೇರದಿದ್ದರೆ ಅನುದಾನ ನಿಲ್ಲುವುದೆಂಬುದು ನಿಯಮ. ಸಭೆಯೋ ಬುಧವಾರ ಮಧ್ಯಾಹ್ನ ಮೂರಕ್ಕೆ. ಆಗ ತಾಯಂದಿರೆಲ್ಲ ಅದೇ ಕಾರ್ಖಾನೆಯಲ್ಲಿ ಹೊಲಿಗೆಯಂತ್ರದ ಮುಂದೆ.

ತಡವಾಗಿ ಬರುವ ಗೆಳತಿಯ ಹಾಜರಿಯನ್ನು ಇನ್ನೊಬ್ಬಳು ಹಾಕುವುದು ಕಾರ್ಖಾನೆಯ ಹಳೆಯ ವಾಡಿಕೆ. ಅದನ್ನು ಅಲ್ಲಿ ಯಾರೂ ಮೋಸವೆನ್ನುವುದಿಲ್ಲ, ನೆರವು ಎನ್ನುತ್ತಾರೆ. ಆ ಕೈಚಳಕ ಶಾಲೆಯಲ್ಲೂ ನಡೆಯಿತು. ರಜೆ ಹಾಕಿ ಬಂದ ಹದಿನಾಲ್ಕು ಮಂದಿ ಬಾರದ ಇಪ್ಪತ್ತಾರು ಮಂದಿಯ ಸಹಿಯನ್ನೂ ಹಾಕಿದರು. ಅಕ್ಕ ಕಂಡೂ ಕಾಣದಂತಿದ್ದಳು.

ಒಂದು ಬುಧವಾರ ಸಭೆಯ ಹೊತ್ತಿಗೇ ಪರಿಶೀಲನೆಗೆ ಬಂದ ಅಧಿಕಾರಿ ಹಾಜರಿ ಪುಸ್ತಕವನ್ನು ತಿರುವಿಹಾಕಿ ಕನ್ನಡಕ ಸರಿಪಡಿಸಿಕೊಂಡರು.

"ಏನಮ್ಮಾ, ಎಲ್ಲರ ಅಕ್ಷರಾನೂ ಒಂದೇ ಥರ ಇದೆಯಲ್ಲ. ಒಬ್ಬರೇ ಮೇಷ್ಟ್ರ ಹತ್ರ ಕಲಿತ್ರಾ?"

"ಮೇಷ್ಟ್ರೂ ಇಲ್ಲ, ಮಣ್ಣೂ ಇಲ್ಲ ಸಾರ್. ಅವಸರದಲ್ಲಿ ಬರೆದಿದ್ದು," ಎಂದು ಹಿಂದಿನ ಬೆಂಚಿನಿಂದ ಇಸ್ತ್ರಿ ವಿಭಾಗದ ಹೆಂಗಸು ಬಾಯಿಬಿಟ್ಟಳು.

ಶಾಲೆಯ ಗುಮಾಸ್ತನ ತಪ್ಪೆಂದು ಹೇಳಿಬಿಡುವಂತೆ ಮುಖ್ಯೋಪಾಧ್ಯಾಯರು ಅಕ್ಕನ ಕಿವಿಯಲ್ಲಿ ಉಸುರಿದರು. ಅಕ್ಕ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು, ಇಪ್ಪತ್ತಾರು ಹೆಸರುಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು.

"ಸಹಿ ಸುಳ್ಳು ಸಾರ್. ನೋಡ್ಕೊಂಡು ಸುಮ್ಮನಿದ್ದೆ, ತಪ್ಪು ನಂದು. ಹಾಗಂತ ಇವರಿಗೆ ಮಕ್ಕಳ ಚಿಂತೆ ಇಲ್ಲ ಅಂದ್ಕೋಬೇಡಿ. ಮೂರು ಗಂಟೆಗೆ ಬಂದ್ರೆ ಅರ್ಧ ದಿನದ ಕೂಲಿ ಹೋಗುತ್ತೆ. ಸಭೇನ ನಮ್ಮ ಫ್ಯಾಕ್ಟರಿ ಊಟದ ಕೋಣೆಗೆ ತನ್ನಿ. ಐದೂವರೆಗೆ ಬೆಲ್ ಹೊಡೆದ ಮೇಲೆ ನೀವೇ ತಲೆ ಎಣಿಸಿ."

"ನಿಯಮದಲ್ಲಿ ಶಾಲೆ ಅಂತಿದೆ ಕಣಮ್ಮಾ."

"ನಿಯಮ ಬರೆದೋರಿಗೆ ಮೂರು ಗಂಟೆಗೆ ಕೆಲಸ ಇರ್ಲಿಲ್ಲ ಅನ್ಸುತ್ತೆ."

ಅಧಿಕಾರಿ ನಗು ನುಂಗಿಕೊಂಡು, ಒಂದೇ ಒಂದು ವಾರ ಕಾಯುವೆನೆಂದರು.

ಆ ವಾರವೆಲ್ಲ ಅಕ್ಕ ಮ್ಯಾನೇಜರನ ಬೆನ್ನು ಬಿಡಲಿಲ್ಲ. ಕೋಣೆಯ ಬೀಗದ ಕೈ ಸಿಕ್ಕಿತು. ಬುಧವಾರ ಬೆಲ್ ಹೊಡೆಯಿತು. ನೂಲಿನ ಎಳೆಗಳನ್ನು ಸೆರಗಿನಿಂದ ಕೊಡವಿಕೊಳ್ಳುತ್ತ ಹೆಂಗಸರು ಬಂದರು, ಹಿಂದೆಯೇ ಕತ್ತರಿ ವಿಭಾಗದ ಗಂಡಸರೂ ಬಂದರು. ಬೆಂಚು ಸಾಲದೆ ಕೆಲವರು ಗೋಡೆಗೆ ಒರಗಿದರು. ಬಾಗಿಲಲ್ಲಿ ನಿಂತ ಅಧಿಕಾರಿ ಎರಡು ಬಾರಿ ಎಣಿಸಿದರು: ಐವತ್ತೆಂಟು.

ಸಭೆಯ ಜಾಗವನ್ನೂ ಹೊತ್ತನ್ನೂ ಬದಲಿಸಿ ಅನುದಾನ ಮುಂದುವರಿಸಬೇಕೆಂದು ಅವರು ಅಲ್ಲಿಯೇ ಬರೆದರು. ಸುಳ್ಳು ಸಹಿಯನ್ನು ಮರೆಮಾಚಲೂ ಇಲ್ಲ, ಅಧ್ಯಕ್ಷೆ ಬದಲಾಗಲೇಬೇಕೆಂದರು. ಅಕ್ಕ ಎದ್ದು, ಇಸ್ತ್ರಿಯ ಹೆಂಗಸನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು.

"ಅಕ್ಕಾ, ನಂಗೆ ಭಾಷಣ ಬರಲ್ಲ."

"ಭಾಷಣ ಯಾರು ಕೇಳಿದ್ರು? ಸಮಾಲೋಚನೆ ಮೇಡಮ್ ಕಾಯ್ತಿದಾರೆ, ಶುರು ಮಾಡು," ಎಂದು ಅಕ್ಕ ಗೋಡೆಯ ಬದಿಯಲ್ಲಿ ಜಾಗ ಮಾಡಿಕೊಂಡು ನಿಂತಳು.