ಉಡದಾರದ ಬೀಗದ ಕೈ

ಗೌರೀಶನನ್ನು ನಾನು ಮೊದಲು ನೋಡಿದ್ದು ಎಂಟನೇ ತರಗತಿಗೆ ಸೇರಿದ ದಿನ, ಹೈಸ್ಕೂಲಿನ ಬೋರಿನ ಹತ್ತಿರ. ಬೆಳಗಿನ ಬೆಲ್ಲು ಇನ್ನೂ ಹೊಡೆದಿರಲಿಲ್ಲ. ಮೂರು ಮೈಲಿ ನಡೆದು ಬಂದು ನನಗೆ ಗಂಟಲು ಒಣಗಿತ್ತು. ಕೈಪಂಪಿನ ಹಿಡಿಯನ್ನು ಎಷ್ಟು ಒತ್ತಿದರೂ ಬರೀ ಗಾಳಿ ಬರುತ್ತಿತ್ತು. ಅಂಗಿಗೆ ಗುಂಡಿಯ ಜಾಗದಲ್ಲಿ ಪಿನ್ನು ಹಾಕಿಕೊಂಡಿದ್ದ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ತಳ್ಳಿ, ಎರಡೂ ಕೈಯಲ್ಲಿ ಹಿಡಿಗೆ ಜೋತುಬಿದ್ದ. ಹತ್ತು ಸಲ ಏರಿ ಇಳಿದ ಮೇಲೆ ನೀರು ಬಂತು.

“ಬೊಗಸೆ ಒಡ್ಡಲೇ. ಬಾಯ್ ಬುಟ್ಕಂಡು ನಿಂತ್ರೆ ನೀರೇ ನೆಗೆದು ಬತ್ತದಾ?”

ನಾನು ಕುಡಿದು ಮುಗಿಸುವವರೆಗೂ ಅವನು ಒತ್ತುತ್ತಲೇ ಇದ್ದ. ಆಮೇಲೆ ಅವನಿಗೋಸ್ಕರ ನಾನು ಒತ್ತಲು ಹೋದೆ. ನೀರು ಬರಲಿಲ್ಲ. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಅವನು ಕುಡಿಯದೆಯೇ ಒಳಗೆ ಹೋದ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಅವನು ಎರಡು ಸಲ ಫೇಲಾದ. ನಾನು ಮಧುಗಿರಿಯಲ್ಲಿ ಬಿ.ಎ. ಮುಗಿಸಿದೆ, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಪಾವಗಡದ ಒಂದು ಶಾಲೆಯಲ್ಲಿ ಗುಮಾಸ್ತನಾದೆ. ಗೌರೀಶ ಐ.ಡಿ.ಹಳ್ಳಿ ಹೋಬಳಿಯ ತನ್ನ ಊರಿನಲ್ಲೇ ಪಂಚಾಯತಿಯ ನೀರುಗಂಟಿಯಾದ. ತಾತ್ಕಾಲಿಕ ಕೆಲಸ. ಬೆಳಿಗ್ಗೆ ಐದೂವರೆಗೆ ಎದ್ದು ಮೇಲಿನ ಬೀದಿಗೆ ನೀರು ಬಿಡಬೇಕು. ತ್ರೀ ಫೇಸ್ ಕರೆಂಟು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ, ಅಷ್ಟರೊಳಗೆ ಮೋಟರು ಹಾಕಿ ಟ್ಯಾಂಕು ತುಂಬಿಸಬೇಕು. ಸಂಜೆ ಕೆಳಗಿನ ಬೀದಿಗೆ ಬಿಡಬೇಕು. ಹನ್ನೊಂದು ವರ್ಷ ಅವನು ಒಂದು ದಿನವೂ ರಜೆ ಹಾಕಲಿಲ್ಲ. ಪಂಪ್‌ಹೌಸಿನ ಬೀಗದ ಕೈ ಕಳೆದುಹೋದೀತೆಂದು ಅದನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಸ್ನಾನ ಮಾಡುವಾಗಲೂ ಅದು ಅಲ್ಲೇ.

ಮೂರು ವರ್ಷದ ಹಿಂದೆ ಪಂಚಾಯತಿಯಿಂದ ಒಬ್ಬ ನೀರುಗಂಟಿಯನ್ನು ಕಾಯಂ ಮಾಡಲು ಹೆಸರು ಕಳಿಸಬೇಕಾಯಿತು. ಸೋಮವಾರ ಸಭೆ. ಸದಸ್ಯ ನರಸಿಂಹರಾಜುವಿಗೆ ತನ್ನ ಭಾಮೈದ ಚೇತನ್ ಕುಮಾರನ ಹೆಸರು ಸೇರಿಸುವ ಆಸೆ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಗೌರೀಶನನ್ನು ಬಿಡಲು ನೆಪ ಸಿಕ್ಕಿರಲಿಲ್ಲ.

ಅದರ ಹಿಂದಿನ ದಿನ, ಭಾನುವಾರ, ಬೆಳಿಗ್ಗೆ ಏಳೂವರೆಗೆ ನಾನು ಬೈಕಿನಲ್ಲಿ ಅವನ ಊರಿಗೆ ಹೋದೆ. ಅವನು ಬೀದಿಯಲ್ಲಿ ಬಗ್ಗಿ ವಾಲ್ವು ಮುಚ್ಚುತ್ತಿದ್ದ. ನನ್ನ ಫೋನಿನಲ್ಲಿ ಶಿರಾ ಕೆರೆ ಕೋಡಿ ಬಿದ್ದ ವಿಡಿಯೋ ಬಂದಿತ್ತು. ತೋರಿಸಿದೆ.

“ಇದೆಲ್ಲಾ ನೀರೇನ್ಲಾ?”

“ಅಲ್ಲ, ಮಜ್ಜಿಗೆ. ಹತ್ತು ನಡಿ, ಈಗ್ಲೇ ಹೋಗನ.”

“ಮೋಟ್ರು?”

“ಹೊನ್ನಕ್ಕ ಹಾಕಲ್ವಾ? ಹನ್ನೊಂದ್ ವರ್ಸದಿಂದ ಊರಿಗೆಲ್ಲ ನೀರ್ ಬುಟ್ಟೆ, ಒಂದಿನ ನೀರ್ ನೋಡ್ದ್ರೆ ಸತ್ತೋಗ್ತೀಯಾ?”

ಅವನು ಮನೆ ಮುಂದೆ ಬೈಕಿನಿಂದ ಇಳಿಯಲೂ ಇಲ್ಲ. “ಹೊನ್ನಿ, ಮುತ್ತನ ಜತೆ ಶಿರಾ ಕೆರೆಗೆ ಹೋಗ್ಬತ್ತೀನಿ, ಹತ್ಗಂಟೆಗೆ ಮೋಟ್ರು ಹಾಕ್ಬುಡಮ್ಮಿ!” ಎಂದು ಕೂಗಿದ. ಅವನ ಹೆಂಡತಿ ಹೊನ್ನಕ್ಕ ಒಳಗಿನಿಂದಲೇ “ಊಂ” ಅಂದಳು. ಅವನ ಫೋನು ಒಳಗೆ ಚಾರ್ಜಿಗೆ ಹಾಕಿತ್ತು.

ಮಧುಗಿರಿ ದಾಟಿ ಶಿರಾ ಸೇರುವಾಗ ಒಂಬತ್ತೂವರೆ. ಕೋಡಿಯ ಹತ್ತಿರ ಜನವೋ ಜನ. ಬೋಂಡದ ಗಾಡಿಗಳು, ಕೈಯಲ್ಲಿ ಚಪ್ಪಲಿ ಹಿಡಿದು ನೀರಿಗಿಳಿದ ಹೆಂಗಸರು. ಮೀನು ಹುರಿಯುತ್ತಿದ್ದ ಸಾಬರೊಬ್ಬರು “ಆವೋ ಭಾಯ್, ಇದೇ ಕೆರೆ ಮೀನು” ಎಂದು ಕರೆದರು. ಗೌರೀಶ ಯಾವುದನ್ನೂ ನೋಡಲಿಲ್ಲ. ನೀರನ್ನೇ ನೋಡುತ್ತಾ ನಿಂತ.

“ನಮ್ಮೂರ್ ಟ್ಯಾಂಕು ಐವತ್ತು ಸಾವ್ರ ಲೀಟ್ರು. ಇಲ್ಲಿ ಒಂದ್ ಬೀಡಿ ಸೇದಾದ್ರಾಗೆ ಅಷ್ಟು ಹೋಯ್ತು ನೋಡ್ಲಾ. ಯಾರೂ ವಾಲ್ವು ತಿರುಗ್ಸ್ತಿಲ್ಲ!”

ಅಂಗಿ, ಪ್ಯಾಂಟು ಕಳಚಿ ನನ್ನ ಕೈಗೆ ಕೊಟ್ಟು, ಚಡ್ಡಿಯಲ್ಲೇ ಇಳಿದು ಬೀಳುವ ನೀರಿಗೆ ಬೆನ್ನು ಕೊಟ್ಟ. ಮಗುವಿನಂತೆ ಕಿರುಚಿದ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಹೊನ್ನಕ್ಕ.

“ಅಣ್ಣಾ, ಬೀಗದ ಕೈ ಎಲ್ಲೂ ಸಿಗ್ತಿಲ್ಲ. ಕರೆಂಟ್ ಬಂದೈತೆ. ಅವ್ರ ತಾವೇ ಐತಾ ಕೇಳಣ್ಣ.”

ಕೇಳಬೇಕಾಗಿರಲಿಲ್ಲ. ನೀರಿನಲ್ಲಿ ಒದ್ದೆಯಾದ ಅವನ ಉಡದಾರದಲ್ಲಿ ಬೀಗದ ಕೈ ಹೊಳೆಯುತ್ತಿತ್ತು. ಗಂಟೆ ಹತ್ತೂಕಾಲು. ಆಗಲೇ ಹೊರಟಿದ್ದರೆ ಹನ್ನೆರಡೂಕಾಲಿಗೆ ಊರು ಸೇರಿ ಮುಕ್ಕಾಲು ಗಂಟೆಯಾದರೂ ಮೋಟರು ಓಡಿಸಬಹುದಿತ್ತು. “ಐತಮ್ಮ, ಬತ್ತೀವಿ” ಎಂದು ಫೋನು ಇಟ್ಟೆ. ಅವನಿಗೆ ಹೇಳಲಿಲ್ಲ. ಅವನು ಅಷ್ಟು ನಗುವುದನ್ನು ನಾನು ಎಂದೂ ನೋಡಿರಲಿಲ್ಲ. ಇನ್ನು ಹತ್ತು ನಿಮಿಷ ಇರಲಿ ಅಂದುಕೊಂಡೆ. ಆಮೇಲೆ ಮತ್ತೆ ಹತ್ತು ನಿಮಿಷ. ಹೊನ್ನಕ್ಕ ಮತ್ತೆರಡು ಸಲ ಮಾಡಿದಳು. ನಾನು ಎತ್ತಲಿಲ್ಲ.

ಹನ್ನೆರಡಕ್ಕೆ ಮೇಲೆ ಬಂದು ಮೈ ಒರೆಸಿಕೊಳ್ಳುವಾಗ ಅವನ ಕೈ ಸೊಂಟದ ಹತ್ತಿರ ನಿಂತಿತು.

“ಲೇ ಮುತ್ತಾ, ಬೀಗದ ಕೈ ಇಲ್ಲೇ ಐತಲ್ಲೋ!”

“ಹೊನ್ನಕ್ಕ ಫೋನ್ ಮಾಡಿದ್ಲು.”

“ಯಾವಾಗ?”

“ಹತ್ತೂಕಾಲ್ಗೆ.”

ಅವನು ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಒದ್ದೆ ಮೈಮೇಲೆಯೇ ಅಂಗಿ ಹಾಕಿಕೊಂಡು ಬೈಕಿನ ಹತ್ತಿರ ಹೋಗಿ ನಿಂತ. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು, “ಜೋರಾಗಿ ಓಡ್ಸು.”

ಊರು ಸೇರಿದಾಗ ಎರಡು ಗಂಟೆ. ಕರೆಂಟು ಹೋಗಿತ್ತು. ಪಂಪ್‌ಹೌಸಿನ ಮುಂದೆ ಖಾಲಿ ಬಿಂದಿಗೆಗಳ ಸಾಲು. ಬೀಗ ಒಡೆಯಲು ಹೊರಟವರನ್ನು ನರಸಿಂಹರಾಜು ‘ಸರ್ಕಾರದ ಆಸ್ತಿ’ ಎಂದು ತಡೆದು, ಬಿಂದಿಗೆಗಳ ಫೋಟೋ ತೆಗೆಸಿಕೊಂಡಿದ್ದ.

“ಏನ್ ಗೌರೀಶಪ್ಪ, ಜಲಕ್ರೀಡೆ ಮುಗೀತಾ?” ಅಂದ.

ಕೆಳಗಿನ ಬೀದಿಯ ಮುದುಕಿ ಗಂಗಲಕ್ಷ್ಮಮ್ಮನ ಮನೆಗೆ ನೀರು ತಪ್ಪಬಾರದೆಂದು ಗೌರೀಶ ಎಷ್ಟೋ ಸಲ ತಾನೇ ಹೊತ್ತು ಹಾಕಿದ್ದ. ಆಕೆಯೂ ಅಂದಳು, “ನೀನು ಅಲ್ಲಿ ಮುಳುಗೆದ್ದು ಬಾರಪ್ಪ, ನಾವಿಲ್ಲಿ ನಾಲ್ಗೆ ನೆಕ್ಕಂಡಿರ್ತೀವಿ.”

ಸಂಜೆ ಗೌರೀಶ ನನ್ನನ್ನು ಬಸ್‌ಸ್ಟ್ಯಾಂಡಿನ ಹತ್ತಿರ ತಡೆದು ಕೇಳಿದ: “ನಾಳೆ ಸಭೆಗೆ ಬತ್ತೀಯಾ? ಫೋನ್ ಬಂದಿದ್ದು ನಿಂಗೆ, ನಂಗೆ ಗೊತ್ತೇ ಆಗ್ಲಿಲ್ಲ ಅಂತ ಒಂದ್ ಮಾತು ಹೇಳ್ಬುಡು. ಓದ್ದೋನು, ನಿನ್ ಮಾತು ಕೇಳ್ತಾರೆ.”

“ಬತ್ತೀನಿ ಕಣ್ಲಾ” ಅಂದೆ.

ಹೋಗಲಿಲ್ಲ. ಹೆಡ್‌ಮಾಸ್ಟರು ರಜೆ ಕೊಡಲಿಲ್ಲವೆಂದು ಆಮೇಲೆ ಹೇಳಿ ಕಳಿಸಿದೆ. ನಿಜವೆಂದರೆ ನಾನು ರಜೆ ಕೇಳಿರಲೇ ಇಲ್ಲ. ಅಷ್ಟು ಜನರ ಮುಂದೆ ನಿಂತು ತಪ್ಪು ನನ್ನದು ಎನ್ನಲು ನನಗೆ ನಾಚಿಕೆಯಾಯಿತು. ಸಭೆಯಲ್ಲಿ ಫೋಟೋ ಕೈಯಿಂದ ಕೈಗೆ ಹೋಯಿತಂತೆ. ಕಾಯಂ ಕೆಲಸಕ್ಕೆ ಚೇತನ್ ಕುಮಾರನ ಹೆಸರು ಕಳಿಸಿದರು. ತಿಂಗಳು ಮುಗಿಯುವ ಮೊದಲು ಗೌರೀಶನಿಂದ ಬೀಗದ ಕೈಯನ್ನೂ ತೆಗೆದುಕೊಂಡರು. ಉಡದಾರದ ಗಂಟು ಬಿಚ್ಚಲಾಗದೆ ಅದನ್ನು ಕತ್ತರಿಸಿ ಕೊಟ್ಟನೆಂದು ಹೊನ್ನಕ್ಕ ಹೇಳಿದಳು. ಈಗ ನಾನು ಎದುರಿಗೆ ಸಿಕ್ಕರೆ ಅವನು “ಚೆನ್ನಾಗಿದ್ದೀರಾ ಸಾರ್” ಎನ್ನುತ್ತಾನೆ.

ಗೌರೀಶ ಈಗ ಕೊರಟಗೆರೆಯ ಒಂದು ಕುಡಿಯುವ ನೀರಿನ ಘಟಕದಲ್ಲಿ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ತೊಳೆದು ತುಂಬುವ ಕೆಲಸ ಮಾಡುತ್ತಾನೆ.