ಬೀಜಕ್ಕಿಟ್ಟ ಕೋನ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬಾಯಿ ಒಡೆದ ಉಪ್ಪಿನಕಾಯಿ ಭರಣಿಯೊಂದಿದೆ, ಅದರಲ್ಲಿ ನನ್ನ ಕೊತ್ತಂಬರಿ ಹೊಲವಿದೆ. ಹೊಲ ಎಂದದ್ದಕ್ಕೆ ನಗಬೇಡಿ. ದಾಂಡೇಲಿಯ ನಮ್ಮ ಓಣಿಯಲ್ಲಿ ಇಂಥ ಹೊಲವಿಲ್ಲದ ಮನೆಯೇ ಇಲ್ಲ. ಒಬ್ಬರದು ತೂತು ಬಿದ್ದ ಬಕೆಟ್ಟಿನಲ್ಲಿ, ಇನ್ನೊಬ್ಬರದು ಪೇಂಟಿನ ಡಬ್ಬಿಯಲ್ಲಿ. ಹಳಿಯಾಳದ ಕಡೆಯಿಂದಲೋ ಮುಂಡಗೋಡದ ಕಡೆಯಿಂದಲೋ ಜೋಯಿಡಾದ ಕಾಡಿನೊಳಗಿಂದಲೋ ಹೊಟ್ಟೆಪಾಡಿಗೆಂದು ಬಂದು ಇಲ್ಲಿ ಸೇರಿಕೊಂಡವರು ನಾವು. ಹೊಲವನ್ನು ಬಿಟ್ಟು ಬಂದೆವು, ಮಣ್ಣು ಕೆದಕುವ ಚಟವನ್ನು ಬಿಟ್ಟು ಬರಲಾಗಲಿಲ್ಲ.

ಸರ್ಕಾರಕ್ಕೂ ಈಚೆಗೆ ಈ ಚಟದ ಮೇಲೆ ಪ್ರೀತಿ ಹುಟ್ಟಿದೆ. ಪಟ್ಟಣದ ಖಾಲಿ ಜಾಗದಲ್ಲಿ ಹೆಂಗಸರು ಕೂಡಿ ಕಾಯಿಪಲ್ಲೆ ಬೆಳೆದರೆ ಸಹಾಯಧನ ಸಿಗುತ್ತದೆ, ಬೇಲಿ ಹಾಕಿಸಿ ನಲ್ಲಿಯನ್ನೂ ಕೊಡುತ್ತಾರೆ ಎಂಬ ಸುದ್ದಿ ಬಂದದ್ದೇ ತಡ, ನಮ್ಮ ಮಹಿಳಾ ಸಂಘದವರೆಲ್ಲ ಸೆರಗು ಕಟ್ಟಿ ಓಣಿಯ ಕೊನೆಯ ತಿಪ್ಪೆಯನ್ನು ಹಸನು ಮಾಡಿ, ಮನೆಗೊಂದು ಮಡಿ ಹಂಚಿಕೊಂಡೆವು. ಮಳೆಗಾಲದಲ್ಲಿ ಹಾಕಿದ್ದು ಚಳಿಗಾಲದವರೆಗೆ ಚೆನ್ನಾಗಿಯೇ ಬಂತು. ಆಮೇಲೆ ಕೊಡ ಹೊತ್ತು ಹೊತ್ತು ಸೊಂಟ ಸೋತವು, ಬೇಸಿಗೆಗೆ ನೆಲ ಬಿರಿಯಿತು. ನಲ್ಲಿ ಮಂಜೂರಾದರೆ ಅದು ತೋಟ. ಆಗದಿದ್ದರೆ ಆ ಜಾಗದಲ್ಲಿ ಗಾಡಿ ನಿಲ್ಲಿಸುತ್ತಾರೆಂದು ನಗರಸಭೆಯವರು ಮೊದಲೇ ಹೇಳಿದ್ದರು.

ಆ ತೋಟದ ಅಂಚಿನ ಮಡಿ ಜನಾಬಾಯಿಯದು. ಸೂಪಾ ಅಣೆಕಟ್ಟಿನ ನೀರಿನಡಿಗೆ ಹೋದ ಊರುಗಳಲ್ಲಿ ಅವಳದೂ ಒಂದು. ಊರು ಬಿಡುವಾಗ ಅವಳಿನ್ನೂ ಲಂಗದ ಹುಡುಗಿಯಂತೆ. ಎಲ್ಲರೂ ಪಾತ್ರೆ ಪಗಡ, ದೇವರ ಕಲ್ಲು ಹೊತ್ತುಕೊಂಡರೆ ಅವಳ ತಾಯಿ, ಅವಳ ಮಾತಿನಲ್ಲಿ ಆಯಿ, ಒಂದು ಬುಟ್ಟಿ ಕೋನ ಹೊತ್ತಳು. ಕೋನ ಎಂದರೆ ಬಳ್ಳಿಗೆಣಸು. ಸುಲಿದರೆ ಒಳಗೆ ನೇರಳೆ ಬಣ್ಣ. ಅಗೆದಾಗ ಬುಡವನ್ನು ತಿಂದು ತಲೆಯ ತುಂಡನ್ನು ಬೂದಿ ಹಚ್ಚಿ ಇಟ್ಟುಕೊಳ್ಳಬೇಕು, ಮುಂಗಾರಿನಲ್ಲಿ ಅದೇ ಬೀಜ. ತಾಯಿ ತೀರಿಕೊಂಡ ಮೇಲೆ ಅಣ್ಣ ಪರಿಹಾರಕ್ಕೆ ಸಿಕ್ಕ ಹೊಲಕ್ಕೆಲ್ಲ ಕಬ್ಬು ಹಾಕಿದ. ಆ ಕೋನ ಉಳಿದದ್ದು ಜನಾಬಾಯಿಯ ಹಿತ್ತಲ ಒಂದು ಮೂಲೆಯಲ್ಲಿ ಮಾತ್ರ, ಆಮೇಲೆ ಅಲ್ಲಿಂದ ಎಲ್ಲವನ್ನೂ ತಂದು ಹಾಕಿದ ನಮ್ಮ ತೋಟದ ಅಂಚಿನಲ್ಲಿ.

ಸರ್ಕಾರವನ್ನು ಬೈಯುವುದು ಸುಲಭ, ಸೂಪಾದ ಕರೆಂಟಿನಲ್ಲಿ ಮಿಕ್ಸರ್ ತಿರುಗಿಸುವ ನಾನು ಯಾವ ಬಾಯಿಂದ ಬೈಯಲಿ? ಆದರೂ ಒಮ್ಮೊಮ್ಮೆ ಅನ್ನಿಸುತ್ತದೆ: ಹೊಲ, ಗದ್ದೆ, ಬೇಲಿಯ ಮೇಲಿನ ಬಳ್ಳಿ ಎಲ್ಲವನ್ನೂ ನೀರಿಗೆ ಕೊಟ್ಟು ಬಂದ ಹೆಂಗಸು, ಎಷ್ಟೋ ವರ್ಷಗಳ ಮೇಲೆ, ಒಂದು ಚಾಪೆಯಗಲದ ಮಡಿಗೆ ನೀರು ಕೊಡಿ ಎಂದು ಕೈಮುಗಿದು ನಿಲ್ಲುವ ಹಾಗಾಯಿತಲ್ಲ.

ಜಾಗ ನೋಡಲು ನಗರಸಭೆಯ ಸಾಹೇಬರು ಬಂದದ್ದು ಸುಡುಬಿಸಿಲಿನ ಒಂದು ಸೋಮವಾರ. ಜೊತೆಗೆ ಇಂಜಿನಿಯರು, ಡ್ರೈವರು, ನಮ್ಮ ವಾರ್ಡಿನ ಸದಸ್ಯರು, ದಾರಿಯಲ್ಲಿ ಕೂಡಿಕೊಂಡ ಇನ್ನೂ ನಾಲ್ಕಾರು ಮಂದಿ. ಸಾಹೇಬರು ಒಳ್ಳೆಯವರೇ. ಬಿರುಕು ಬಿಟ್ಟ ಮಡಿಗಳನ್ನು, ಒಣಗಿದ ಬೆಂಡೆಯ ಕಡ್ಡಿಗಳನ್ನು ನೋಡಿ ಮೆಲ್ಲಗೆ ಕೇಳಿದರು: “ಇಲ್ಲಿ ಏನೂ ಬೆಳೆದಂಗ ಕಾಣಂಗಿಲ್ಲಲ್ರಿ?” ನೀರಿದ್ದರೆ ಬೆಳೆಯುತ್ತದೆ ಎಂದು ನಾವು, ಬೆಳೆಯುತ್ತದೆಂದು ತೋರಿಸಿದರೆ ನೀರು ಎಂದು ಅವರು. ಕೋಳಿ ಮೊದಲೋ ತತ್ತಿ ಮೊದಲೋ ಎನ್ನುವ ವಾದವನ್ನು ಬಿಸಿಲಲ್ಲಿ ನಿಂತು ಮಾಡುವುದು ಕಷ್ಟ, ಆದ್ದರಿಂದ ಎಲ್ಲರನ್ನೂ ನಮ್ಮ ಕಟ್ಟೆಯ ನೆರಳಿಗೆ ಕರೆತಂದು ಕೂರಿಸಿದೆ.

ಅಷ್ಟರಲ್ಲಿ ಜನಾಬಾಯಿ ಕಾಣಲಿಲ್ಲ. ಚಹಾ ಆಗುವ ಹೊತ್ತಿಗೆ ಪಾತ್ರೆಯೊಂದನ್ನು ಬಟ್ಟೆಯಲ್ಲಿ ಹಿಡಿದು ಬಂದಳು. ಉಪ್ಪು ಹಾಕಿ ಬೇಯಿಸಿದ ಕೋನ, ನಂಚಿಕೊಳ್ಳಲು ಹಸಿಮೆಣಸಿನಕಾಯಿ ಚಟ್ನಿ. “ಇದು ಈ ತೋಟದ್ದರೀ ಸಾಹೇಬ್ರ” ಎಂದು ಎಲೆಯ ಮೇಲೆ ಹಾಕಿದಳು. ನೇರಳೆ ಬಣ್ಣ ಕಂಡು ಸಾಹೇಬರ ಮುಖ ಅರಳಿತು. ತಿಂದರು, ಇನ್ನೊಂದು ಹಾಕಿಸಿಕೊಂಡರು, ಡ್ರೈವರನನ್ನು ಕರೆದು ತಿನ್ನಿಸಿದರು. ಓಣಿಯ ಹೆಂಗಸರೂ ತಿಂದರು. ನನ್ನದು ಮಾತ್ರ ಸೋಮವಾರದ ಉಪವಾಸ. ಗೆಣಸು, ಶೇಂಗಾ, ಬಾಳೆಹಣ್ಣು ಎಂದು ಊಟಕ್ಕಿಂತ ಹೆಚ್ಚು ತಿಂದು ಅದನ್ನು ಉಪವಾಸ ಎನ್ನುವವರ ಪೈಕಿ ನಾನಲ್ಲ. ಸಂಜೆಯ ಪೂಜೆಯಾಗುವತನಕ ನೀರೊಂದೇ. ಪಾತ್ರೆ ಬರಿದಾಯಿತು. ಎದ್ದು ನಿಂತು ಸಾಹೇಬರು, “ಇಷ್ಟು ರುಚಿ ಬೆಳೀತೈತಿ ಅಂದ್ರ ನೀರು ಕೊಡಲೇಬೇಕು” ಎಂದರು. ನಾವು ಗೆದ್ದೆವೆಂದು ಕುಣಿಯುವುದೊಂದೇ ಬಾಕಿ.

ಮಳೆ ಹಿಡಿಯಿತು. ಎಲ್ಲರೂ ಬಿತ್ತಿದರು, ಅಂಚಿನ ಮಡಿ ಮಾತ್ರ ಬರಿದಾಗಿತ್ತು. ಬಳ್ಳಿ ಹಬ್ಬಿಸಲು ನೆಟ್ಟ ಗಳಗಳು ಹಾಗೇ ನೆನೆಯುತ್ತಿದ್ದವು.

“ಜನಾಬಾಯಿ, ಕೋನ ಹಾಕಲಿಲ್ಲೇನು?” ಎಂದು ಕೇಳಿದೆ.

ಅವಳು ಹಿಂದೆ ಮುಂದೆ ನೋಡಿದಳು. “ಅವತ್ತ ನೀವು ತಿಂದಿದ್ದಿಲ್ಲ ಅಲ್ರಿ ಅಕ್ಕಾರ?”

“ಇಲ್ಲ. ಉಪವಾಸ ಇತ್ತಲ್ಲ.”

“ಹಂಗಾದ್ರ ನಿಮಗ ಹೇಳಬಹುದು. ಬೇಯಿಸಿದ್ದು ಬೀಜಕ್ಕ ಇಟ್ಟದ್ದು ರೀ. ಬ್ಯಾಸಗಿಯೊಳಗ ಮನ್ಯಾಗ ಬ್ಯಾರೆ ಏನಿತ್ತು?”

ಎರಡಾದರೂ ತೆಗೆದಿಡಬಾರದಿತ್ತೇ ಎಂದೆ.

“ಮಂದಿ ಎಷ್ಟಿದ್ರು ನೋಡಿದ್ರಲ್ಲ. ಒಬ್ಬರಿಗೆ ಹಾಕಿ ಒಬ್ಬರಿಗೆ ಬಿಡಾಕ ಬರ್ತೈತೇನ್ರಿ? ಮತ್ತ, ಹೊಲಾ ನೋಡಾಕ ಬಂದವರು ಹೊಲದ್ದು ಒಂದು ತುತ್ತು ತಿನ್ನದ ಹೋಗಬಾರದು. ನಮ್ಮ ಆಯಿ ಯಾರನ್ನೂ ಹಂಗ ಕಳಿಸಿದಾಕಿ ಅಲ್ಲ.” ನೆನೆದ ಗಳವೊಂದನ್ನು ನೆಟ್ಟಗೆ ಮಾಡಿ ಹೇಳಿದಳು: “ತಿಂದವರಿಗೆ ಹೇಳಬ್ಯಾಡ್ರಿ. ಬೀಜಾ ತಿಂದ್ವಿ ಅಂತ ಗೊತ್ತಾದ್ರ ತಿಂದದ್ದು ಮೈಗೆ ಹತ್ತಂಗಿಲ್ಲ.”

ನಾನು ಅವಳನ್ನು ಜೋಯಿಡಾದ ಸಂತೆಗೆ ಕರೆದುಕೊಂಡು ಹೋದೆ. ಆ ಸೀಮೆಯಲ್ಲಿ ಗೆಣಸಿಗೇನು ಬರ? ಬೀಜಕ್ಕೆಂದು ಮಾರುವವರ ಮುಂದೆ ಕೂತು ಒಂದೊಂದನ್ನೇ ಉಗುರಿನಿಂದ ಕೆರೆದು ನೋಡಿದಳು, ಮಣ್ಣು ಒರೆಸಿ ತಿರುಗಿ ಇಟ್ಟಳು. “ಇದೂ ಕೋನನ, ಚಲೋನೂ ಐತಿ. ನಮ್ಮ ಆಯಿದು ಅಲ್ಲ” ಎಂದಳು. ಬರಿಗೈಯಲ್ಲಿ ಬಸ್ಸು ಹತ್ತಿದೆವು. ಸಹಾಯಧನ ಎಂದಾಗೆಲ್ಲ ಕೊಡುವವರು ಆಚೆ, ಪಡೆಯುವವರು ಈಚೆ ಎಂದು ನಾನು ತಿಳಿದಿದ್ದೆ. ನಮ್ಮ ತೋಟಕ್ಕೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ನನ್ನ ಪಕ್ಕದ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಳು.

ದೀಪಾವಳಿ ಕಳೆದ ಮೇಲೆ ನಲ್ಲಿ ಬಂತು. ಬೇಲಿ ಬಂತು, ಬೇಲಿಗೊಂದು ಹಸಿರು ಬೋರ್ಡೂ ಬಂತು. ಸಾಹೇಬರು ತಾವೇ ನಿಂತು ನೀರು ಬಿಡಿಸಿದರು. ಕಾಲುವೆಯಲ್ಲಿ ನೀರು ಹರಿದು ಮಡಿಯಿಂದ ಮಡಿಗೆ ಹೋಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಜನಾಬಾಯಿ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಸಾಹೇಬರು ಅವಳನ್ನು ಗುರುತು ಹಿಡಿದು ಹತ್ತಿರ ಕರೆದರು.

“ಬಾಯಾರ, ಆ ಕೋನ ನಾ ಮರೆತಿಲ್ಲ ನೋಡ್ರಿ. ಅಂಥಾದ್ದು ಹಾಳಾಗಬಾರದು. ಬರೂ ಮಳಿಗೆ ಓಣ್ಯಾಗ ಎಲ್ಲಾರಿಗೂ ನೀವು ಬೀಜಾ ಹಂಚಬೇಕು. ಅದಕ್ಕೂ ಸಹಾಯಧನ ಕೊಡಸ್ತೇನಿ.”

ಎಲ್ಲರೂ ಅವಳ ಕಡೆ ತಿರುಗಿದರು. ಆ ರುಚಿಯನ್ನು ನೆನೆದು ಒಬ್ಬಿಬ್ಬರು ಬಾಯಿ ಚಪ್ಪರಿಸಿದರು. ನಾನು ಬೋರ್ಡಿನ ಕಡೆ ಮುಖ ಮಾಡಿ ನಿಂತೆ.

“ಆಗ್ಲಿರಿ ಸಾಹೇಬ್ರ” ಎಂದಳು ಜನಾಬಾಯಿ. “ಚಹಾ ಆರತೈತಿ, ತಗೋರಿ.”