ಕಾಶಿಯಲ್ಲಿ ಬಿಟ್ಟ ಸೀಗಡಿ

ಹೊಸಕೋಟೆ ಬಸ್ ಸ್ಟ್ಯಾಂಡಿನ ಹಿಂದೆ ಸಂಜೆ ಸೀಗಡಿ ಕರಿಯುವ ಗಾಡಿಯೊಂದು ನಿಲ್ಲುತ್ತದೆ. ಕಡಲೆಹಿಟ್ಟು, ಬೆಳ್ಳುಳ್ಳಿ, ಕಾದ ಎಣ್ಣೆಯ ಆ ವಾಸನೆಗೆ ಜನರ ಬಾಯಲ್ಲಿ ನೀರೂರುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಅನುಗೊಂಡನಹಳ್ಳಿಯ ನಮ್ಮ ಮನೆಯ ಹಿತ್ತಿಲು, ಮೂರು ಕಲ್ಲಿನ ಒಲೆ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ ಅಜ್ಜಿ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ಅಲ್ಲೊಂದು ಗೋಡೌನ್ ಎದ್ದಿದೆ.

ಕೆರೆ ಸೀಗಡಿ ಎಂದರೆ ಅಜ್ಜಿಗೆ ಪ್ರಾಣವಂತೆ. ನಾನು ಹುಟ್ಟುವ ಮೊದಲೇ ಅವಳೂ ತಾತನೂ ಕಾಶಿಗೆ ಹೋಗಿದ್ದರು. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕಲ್ಲ? ತಾತ ಜಾಣ. ಎಂದೂ ಬಾಯಿಗಿಡದ ಹಾಗಲಕಾಯಿ ಬಿಟ್ಟ. ಅಜ್ಜಿ ಬಾಯಿ ತೆರೆಯುವ ಮೊದಲೇ "ಇವ್ಳು ಸೀಗಡಿ ಬಿಡ್ತಾಳೆ" ಎಂದುಬಿಟ್ಟನಂತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾಯಮಾನ ಅವನದು.

ತಿನ್ನುವುದು ತಪ್ಪಿತೇ ಹೊರತು ಕರಿಯುವುದು ತಪ್ಪಲಿಲ್ಲ. ತಲೆ ಮುರಿದು, ಅರಿಸಿನದಲ್ಲಿ ತಿಕ್ಕಿ ತೊಳೆದು, ಹಿಟ್ಟಿನಲ್ಲಿ ಹೊರಳಿಸಿ ಒಂದೊಂದೇ ಎಣ್ಣೆಗೆ ಬಿಡುತ್ತಿದ್ದಳು. ರುಚಿ ನೋಡುವ ಕೆಲಸ ನನ್ನದು. "ಉಪ್ಪು ಸರಿಗೈತೇನೇ?" ಎಂದು ಕೇಳಿ, ನಾನು ಅಗಿದು ನುಂಗುವವರೆಗೂ ನನ್ನ ಬಾಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಜಗಲಿಯಿಂದ ತಾತನ ಕೂಗು: "ಲೇ, ಇನ್ನೊಂದ್ ಬಾಣ್ಲಿ ಹಾಕು!" ನಿಮ್ಮ ಮನೆಯ ಒಲೆಯ ಮುಂದೆಯೂ ಇಂಥವಳೊಬ್ಬಳು ಇದ್ದಿರಬೇಕು.

ತಾತ ಹೋದ ಮೇಲಾದರೂ ತಿಂದಾಳು ಎಂದುಕೊಂಡಿದ್ದೆ. ಅವಳು ಹಾಸಿಗೆ ಹಿಡಿದಾಗ ನಾನೇ ಕರಿದು ತಂದು ತುಟಿಯ ಹತ್ತಿರ ಹಿಡಿದೆ. ಒಂದು ಗಳಿಗೆ ವಾಸನೆ ಎಳೆದುಕೊಂಡು ಮುಖ ತಿರುಗಿಸಿದಳು. "ಬ್ಯಾಡ ಕಣವ್ವಾ. ಹೇಳಿದ್ದು ಅವ್ರೇಯ. ಆದ್ರೆ ಗಂಗವ್ವನಲ್ಲಿ ಮುಳುಗಿದೋಳು ನಾನಲ್ವಾ?" ಅಂದಳು. ಎಂಥ ನಿಯತ್ತು, ಯಾರು ಕಟ್ಟಿದ ಗಂಟಿಗೆ!

ಅವಳು ತೀರಿಕೊಂಡ ಮೇಲೆ ಪಿತೃಪಕ್ಷ ಬಂತು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡುವ ಹಬ್ಬ. ಚಿಕ್ಕಪ್ಪನ ಹೊಸ ಮನೆಯಲ್ಲಿ ಇಬ್ಬರ ಫೋಟೋ, ಮುಂದೆ ಎರಡು ಬಾಳೆಲೆ. ಅಜ್ಜಿಯ ಎಲೆಗೆ ಸೀಗಡಿ ಹಾಕಹೋದರೆ ಚಿಕ್ಕಪ್ಪ ಕೈ ಹಿಡಿದ.

"ಏಯ್, ಅವ್ವ ಕಾಶೀಲಿ ಬಿಟ್ಟಿದ್ಲಲ್ವಾ? ಅಪಚಾರ ಆಯ್ತದೆ. ಅಪ್ಪನ್ ಎಲೆಗ್ ಹಾಕು."

ಎಲ್ಲರೂ ತಲೆಯಾಡಿಸಿದರು. ಹಾಕಿದೆ. ಸಾಂಬ್ರಾಣಿ ಹೊಗೆ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ನಿಂತೆವು. ಒಳಗೆ ಅಜ್ಜಿ ತನ್ನ ಎಲೆಯ ಮುಂದೆ ಕೂರದೆ, ತಾತನಿಗೆ ಬಡಿಸುತ್ತ ನಿಂತಿದ್ದಾಳೆ ಅನ್ನಿಸಿತು.